ಸತ್ಯಾಂಶ: ಎತ್ತರದ ಊರಿಗೂ ನೀರು ನುಗ್ಗುತ್ತದೆ

‘ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೆರೆ ಬರೋದು ಬರೀ ಪ್ಲಾಸ್ಟಿಕ್ ಕಸದಿಂದ’ ಅನ್ನೋ ಫಾರ್ವರ್ಡ್ ಮಳೆಗಾಲದಲ್ಲಿ ಓಡಾಡುತ್ತದೆ.

ಎತ್ತರದ ಲೆಕ್ಕ ಸರಿಯೇ. ಆದರೆ ನೀರು ನಿಲ್ಲೋಕೆ ಪಕ್ಕದ ಬೀದಿಗಿಂತ ತಗ್ಗಿದ್ದರೆ ಸಾಕು, ಅಲ್ವಾ? ಕಸ ಸಿಕ್ಕಿ ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಕಟ್ಟಿಕೊಳ್ಳೋದೂ ನಿಜ. ಅದಕ್ಕಿಂತ ಜಾಸ್ತಿ ತೊಂದರೆ, ಕಾಲುವೆಯನ್ನೇ ಒತ್ತುವರಿ ಮಾಡಿ ತಗ್ಗಿನಲ್ಲಿ ಮನೆ ಕಟ್ಟಿದ್ದರಿಂದ. ಇಲ್ಲಿನ ಕೆರೆಗಳು ಸಾಲಾಗಿವೆ. ಬೆಳ್ಳಂದೂರು ತುಂಬಿದರೆ ಕೋಡಿ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ. ಆ ದಾರಿ ಇಕ್ಕಟ್ಟಾದರೆ ನೀರು ಅಂಗಳಕ್ಕೇ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಆ ಕಡೆಯ ದುಬಾರಿ ಬಡಾವಣೆಗಳ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು.

ಸೈಟ್ ಕೊಳ್ಳುವವರು ಬ್ರೋಷರ್ ಬಿಟ್ಟು ಹಳೆಯ ಗ್ರಾಮ ನಕ್ಷೆ ನೋಡಿ. ಕೆರೆ, ಹಳ್ಳ ಎಲ್ಲಿದ್ದವು ಅಂತ ಅದರಲ್ಲಿ ಗೊತ್ತಾಗುತ್ತದೆ. ಮನೆ ಸುತ್ತ ಪೂರ್ತಿ ಸಿಮೆಂಟ್ ಹಾಕಿಸಬೇಡಿ, ಒಂದಿಷ್ಟು ಮಣ್ಣು ಬಿಡಿ.