ಯುಕೆಜಿ ಪದವೀಧರರಿಗೆ ಅಭಿನಂದನೆಗಳು

ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿಯ ಸಭಾಭವನಗಳಲ್ಲಿ ಘಟಿಕೋತ್ಸವಗಳ ಸುಗ್ಗಿ. ಹೊರಗೆ ಉರಿಸೆಕೆ, ಒಳಗೆ ಫ್ಯಾನಿನ ಬಿಸಿಗಾಳಿ, ವೇದಿಕೆ ಮೇಲೆ ಬಾಡಿಗೆಯ ಕಪ್ಪು ಪಾಲಿಯೆಸ್ಟರ್ ಗೌನು ತೊಟ್ಟು ಬೆವರುತ್ತಿರುವ ಐದು ವರ್ಷದ ಪದವೀಧರರು. ಟೋಪಿ ಮೂಗಿನ ತನಕ ಇಳಿದಿರುತ್ತದೆ. ಅದರ ಕುಚ್ಚನ್ನು ಒಬ್ಬ ಜಗಿಯುತ್ತಿರುತ್ತಾನೆ, ಇನ್ನೊಬ್ಬಳು ಪಕ್ಕದವಳ ಕುಚ್ಚನ್ನು ಎಳೆಯುತ್ತಿರುತ್ತಾಳೆ. ಮುಖ್ಯ ಅತಿಥಿಗಳು ನಾಳಿನ ನಾಯಕರನ್ನು ಉದ್ದೇಶಿಸಿ ಅರ್ಧ ಗಂಟೆ ಮಾತಾಡುತ್ತಾರೆ. ನಾಯಕರಲ್ಲಿ ಇಬ್ಬರು ಅಷ್ಟರಲ್ಲಿ ನಿದ್ದೆ.

ಪದವಿ ಯಾವುದರಲ್ಲಿ ಎಂದು ಕೇಳುವುದು ಅಸೂಯೆ ಎನಿಸೀತು. ಒಂದರಿಂದ ನೂರು ಉಸಿರು ಬಿಡದೆ ಹೇಳುತ್ತಾರಲ್ಲ, ಸಾಲದೆ? ಅದೇ ಪದವೀಧರನ ಮುಂದೆ ಏಳು ಮಂಜೊಟ್ಟಿ ಕಾಳು ಸಾಲಾಗಿ ಇಡಿ. ಎಣಿಸಿ 'ಏಳು' ಎನ್ನುತ್ತಾನೆ. ಈಗ ಅವನ ಕಣ್ಣೆದುರೇ ಆ ಕಾಳುಗಳನ್ನು ಸ್ವಲ್ಪ ದೂರ ದೂರ ಸರಿಸಿ ಕೇಳಿ. 'ಜಾಸ್ತಿ ಆಯ್ತು' ಎನ್ನುವ ಸಾಧ್ಯತೆಯೇ ಹೆಚ್ಚು. ಅವನದ್ದೇನೂ ತಪ್ಪಿಲ್ಲ, ಆ ಪ್ರಾಯದ ಕಣ್ಣಿಗೆ ಸಾಲು ಉದ್ದವಾದರೆ ಲೆಕ್ಕವೂ ಹೆಚ್ಚೇ. ಇಪ್ಪತ್ತೊಂಬತ್ತರ ಮೇಲೆ 'ಇಪ್ಪತ್ತಹತ್ತು' ಎಂದ ಮಗುವನ್ನು ನಾವು ಗದರುತ್ತೇವೆ. ನಿಜಕ್ಕೂ ಶಹಬ್ಬಾಸ್ ಎನ್ನಬೇಕಾದ್ದು ಅದಕ್ಕೇ, ಯಾಕೆಂದರೆ ಎಣಿಕೆಯ ನಡೆ ಅದಕ್ಕೆ ಸಿಕ್ಕಿದೆ. ಬಾಕಿ ಇರುವುದು ಹತ್ತಾದಾಗ ಕಟ್ಟು ಕಟ್ಟುವುದು ಮಾತ್ರ. ಹಿಡಿಸೂಡಿಯಿಂದ, ಅಂದರೆ ತೆಂಗಿನ ಕಡ್ಡಿಯ ಪೊರಕೆಯಿಂದ, ಕಡ್ಡಿ ಕಿತ್ತು ಗೇಣುದ್ದಕ್ಕೆ ಮುರಿಯಿರಿ, ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ. ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ ಮಗುವಿನ ಮುಂದಿಟ್ಟು ಇನ್ನೊಂದು ಕಡ್ಡಿ ಕೊಡಿ. ಮೂರನೇ ಕಟ್ಟನ್ನು ಅದೇ ಕಟ್ಟಬೇಕು. ನೀವು ಕಟ್ಟಿಕೊಟ್ಟರೆ ಕಲಿಯುವುದು ನೀವೇ. ಖರ್ಚು? ರಬ್ಬರ್ ಬ್ಯಾಂಡಿನದ್ದು. ಆದರೆ ಹಿಡಿಸೂಡಿಯ ಫೋಟೊ ಹಾಕಿದ ಫ್ಲೆಕ್ಸನ್ನು ಯಾರು ತಿರುಗಿ ನೋಡುತ್ತಾರೆ ಮಾರಾಯ್ರೆ? ಹಾಗಾಗಿ ಗೋಡೆ ತುಂಬ ಸ್ಮಾರ್ಟ್ ಬೋರ್ಡು, ಅದರಲ್ಲಿ ಕುಣಿಯುವ ಇಂಗ್ಲಿಷ್ ಕರಡಿ.

ಬರವಣಿಗೆಯ ಕತೆ ಇನ್ನೂ ಸೊಗಸು. ವಿಜಯದಶಮಿಗೆ ಕೊಲ್ಲೂರಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿ ಅಕ್ಕಿಯಲ್ಲಿ ಬೆರಳಿಂದ ಅಕ್ಷರ ತೀಡಿಸುತ್ತಾರೆ. ಶಿಕ್ಷಣ ತಜ್ಞರು ಈಗ ಹೇಳುವುದೂ ಅದನ್ನೇ: ಮೊದಲು ಬೆರಳು, ಮರಳು, ದೊಡ್ಡ ಅಕ್ಷರ, ಆಮೇಲೆ ಸ್ಲೇಟು, ಕಾಗದ ಕೊನೆಗೆ. ಮಣಿಕಟ್ಟಿನ 8 ಪುಟ್ಟ ಎಲುಬುಗಳು ಈ ವಯಸ್ಸಿಗೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಗೆರೆ ಹೊರಡಬೇಕಾದ್ದು ಭುಜದಿಂದ, ಬೆರಳ ತುದಿಗೆ ಬರಲು ಅದಕ್ಕೆ ಸಮಯ ಬೇಕು. ನಾವು ಒಂದು ದಿನ ಅಕ್ಕಿಯಲ್ಲಿ ಬರೆಸಿ, ಫೋಟೊ ಸ್ಟೇಟಸ್ಸಿಗೆ ಹಾಕಿ, ಸೋಮವಾರದಿಂದ ನಾಲ್ಕು ಗೆರೆಯ ಪುಸ್ತಕದಲ್ಲಿ ಕರ್ಸಿವ್ ಶುರು ಮಾಡಿಸುತ್ತೇವೆ. ಕೈಗೆ ಹೊಸ ಉದ್ದ ಪೆನ್ಸಿಲ್, ತುದಿಯಲ್ಲಿ ಮಿಕ್ಕಿ ಮೌಸ್. ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಕಾಗದ ಹರಿಯುತ್ತದೆ, ಬೈಗುಳ ಬೀಳುತ್ತದೆ. ಅರ್ಧ ಇಂಚಿನ ಮುರಿದ ಬಳಪ ಕೊಟ್ಟು ನೋಡಿ. ಮುಷ್ಟಿಗೆ ಅದು ಸಿಗುವುದೇ ಇಲ್ಲ, ಮೂರು ಬೆರಳು ತಾವಾಗಿಯೇ ಮುಂದೆ ಬರುತ್ತವೆ. ಅನುಭವಸ್ಥ ಟೀಚರುಗಳು ಬಳಪದ ತುಂಡು ಬಿಸಾಡದೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಜಿಪುಣತನಕ್ಕಲ್ಲ.

ಇನ್ನು ಅಕ್ಷರಗಳ ಸರದಿ. ಅ ಆ ಇ ಈ ಎಂದು ಹೊರಟ ಮಗುವಿಗೆ ಮೊದಲ ತಿಂಗಳಲ್ಲೇ ಗಡ್ಡದ ಋಷಿಯ ಭೇಟಿ. ಹದಿಮೂರು ಸ್ವರ ಮುಗಿದರೂ ಓದಲು ಹೇಳಿಕೊಳ್ಳುವಂಥ ಒಂದು ಶಬ್ದ ಸಿಗುವುದಿಲ್ಲ. ಅತ್ತ ಸರ್ಕಾರಿ ಶಾಲೆಯ ನಲಿಕಲಿಯಲ್ಲಿ, ಅಂದರೆ ಕಾರ್ಡು ಹಿಡಿದು ಏಣಿಯ ಮೆಟ್ಟಿಲು ಹತ್ತಿದ ಹಾಗೆ ಹಂತಹಂತವಾಗಿ ಕಲಿಯುವ ಕ್ರಮದಲ್ಲಿ, ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ, ಅಷ್ಟರಲ್ಲೇ ಸರ, ಅರಸ, ಅಗಸ, ದಸರ, ಗರಗಸ. 'ಗರಗಸ' ಎಂದು ತಾನೇ ಕೂಡಿಸಿ ಓದಿದ ಮಗು ಮೂರು ಸಲ ಗಟ್ಟಿಯಾಗಿ ಓದುತ್ತದೆ, ಆಮೇಲೆ ಪಕ್ಕದವನಿಗೆ ತೋರಿಸುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಕ್ರಮ ಇದು. ಹಾಗೆಂದು ಅಲ್ಲೂ ಸ್ವರ್ಗವೇನಿಲ್ಲ. ಕಾರ್ಡುಗಳ ಬಣ್ಣ ಹೋಗಿದೆ, ಏಣಿಯ ನಡುವಿನ ಮೆಟ್ಟಿಲಿನ ಕಾರ್ಡೇ ಕಾಣೆಯಾಗಿದೆ, ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಟೀಚರ್ ಮಾತ್ರ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಮೊಬೈಲಿಗೆ ತುಂಬುತ್ತಿರುತ್ತಾರೆ. ಏಳು ಕಾಳಿನ ಲೆಕ್ಕ ಕಲಿಸಬೇಕಾದವರಿಂದ ಮೊಟ್ಟೆಯ ಲೆಕ್ಕ ಕೇಳುವ ಇಲಾಖೆಗೂ ಒಂದು ಗೌನು ಕೊಡಬಹುದು.

ಪ್ರಾಯದ ಪ್ರಹಸನ ಎಲ್ಲರಿಗೂ ಗೊತ್ತೇ ಉಂಟು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶ, ಬೊಬ್ಬೆ ಎದ್ದದ್ದೇ 2025-26ಕ್ಕೆ ಮುಂದೂಡಿಕೆ, ಆ ವರ್ಷ ಬಂದಾಗ 5 ವರ್ಷ 5 ತಿಂಗಳು ಸಾಕು ಎಂಬ ರಿಯಾಯಿತಿ. 'ಮಗುವಿನ ಒಂದು ವರ್ಷ ಹಾಳಾಗುತ್ತದೆ' ಎಂದು ಹೆತ್ತವರ ಗೋಳು. ಯಾವುದಕ್ಕೆ ತಡವಾಗುತ್ತದೋ! ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, 2025ರಲ್ಲಿ ಅದಲುಬದಲು. ಈ ಕುಸ್ತಿಗೆ ಪೈಲ್ವಾನರನ್ನು ತೊಟ್ಟಿಲಿನಿಂದಲೇ ಎತ್ತಿಕೊಂಡು ಬರಬೇಕಲ್ಲ. ಪ್ರವೇಶಕ್ಕೆ ಮಗುವನ್ನು ಪರೀಕ್ಷಿಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಮೊದಲ ಸಲ 25,000 ರೂಪಾಯಿವರೆಗೆ, ಮತ್ತೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಹಾಗಾಗಿ ಯಾರೂ ಪರೀಕ್ಷಿಸುವುದಿಲ್ಲ. ಸುಮ್ಮನೆ ಒಳಗೆ ಕರೆದು ಆನೆಯ ಬಣ್ಣ ಯಾವುದು, ಅಪ್ಪನ ಕೆಲಸ ಎಂತದ್ದು ಎಂದು ಕೇಳುತ್ತಾರೆ.

ಒಂದು ಸಂಗತಿಗೆ ಮಾತ್ರ ನಗು ಬರುವುದಿಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಗು ಮೊದಲ ವಾರ ಕಿರುಬೆರಳು ಎತ್ತುತ್ತದೆ. 'ಮೇ ಐ ಗೋ' ಎಂದು ಪೂರ್ತಿ ವಾಕ್ಯ ಹೇಳಿದರೆ ಮಾತ್ರ ಬಿಡುವುದು ಎಂಬ ನಿಯಮ ಇರುವ ತರಗತಿಗಳಿವೆ. ವಾಕ್ಯ ಬರುವುದಿಲ್ಲ, ಅದು ಬರುತ್ತದೆ. ಆಮೇಲೆ ಒದ್ದೆ ಚಡ್ಡಿಯಲ್ಲಿ ಮಧ್ಯಾಹ್ನದ ತನಕ ಬೆಂಚಿನ ತುದಿಯಲ್ಲಿ. ಮರುದಿನದಿಂದ ಆ ಮಗು ನೀರೇ ಕುಡಿಯುವುದಿಲ್ಲ, ಬಾಟಲಿ ತುಂಬಿದ್ದು ತುಂಬಿದ ಹಾಗೆ ವಾಪಸ್ಸು. ಮೂತ್ರದ ಸೋಂಕು ಬರುವುದು ಹೀಗೆಯೂ ಉಂಟು. ಇದರಲ್ಲಿ ವಿಡಂಬನೆ ಮಾಡಲು ಏನೂ ಇಲ್ಲ. ಇದು ಕ್ರೌರ್ಯ, ಅದಕ್ಕೆ ನಾವು ಡೊನೇಷನ್ ಬೇರೆ ಕೊಡುತ್ತೇವೆ.

ಹೊಸ ಮಗು ಶಾಲೆಗೆ ಒಗ್ಗಬೇಕಾದ್ದು ಜೂನಿನಲ್ಲಿ. ನಮ್ಮ ಕರಾವಳಿಯ ಜೂನ್ ಎಂದರೆ ರೆಡ್ ಅಲರ್ಟು. ಎರಡು ದಿನ ಅತ್ತು ಮೂರನೇ ದಿನ ಸುಮ್ಮನಾಯಿತು ಎನ್ನುವಾಗ ಜಿಲ್ಲಾಧಿಕಾರಿಗಳ ಮಳೆ ರಜೆ. ಮತ್ತೆ ಬಂದ ದಿನ ಅಳು ಮೊದಲಿನಿಂದ. ರಜೆ ತಪ್ಪೆಂದಲ್ಲ, ತೋಡು ಉಕ್ಕುವಾಗ ಮಕ್ಕಳು ಮನೆಯಲ್ಲೇ ಇರಲಿ. ಆದರೆ ರಜೆಯಿಲ್ಲದ ಮಳೆಯ ದಿನವೂ ಶೂ, ಸಾಕ್ಸ್, ಟೈ ಕಡ್ಡಾಯ. ಗೇಟಿನಿಂದ ತರಗತಿಗೆ ಮುಟ್ಟುವಾಗ ಸಾಕ್ಸ್ ಒದ್ದೆ, ಸಂಜೆ ಬಿಚ್ಚುವಾಗ ಬೆರಳ ಸಂದು ಬೆಳ್ಳಗೆ ಬಿರಿದಿರುತ್ತದೆ. ಚಪ್ಪಲಿ ಹಾಕಿ ಬಂದರೆ ಶಿಸ್ತು ಕೆಡುತ್ತದಂತೆ.

ರಜೆಯ ದಿನವೂ ಶಿಸ್ತು ಕೆಡಬಾರದು ಎಂದು ಒಂಬತ್ತು ಗಂಟೆಗೇ ಗ್ರೂಪಿಗೆ ಪಿಡಿಎಫ್ ಬರುತ್ತದೆ: ಕರ್ಸಿವ್ ಎರಡು ಪುಟ. 1 ಮತ್ತು 2ನೇ ತರಗತಿಗೆ ಹೋಂವರ್ಕ್ ಬೇಡ, ಚೀಲ 2 ಕಿಲೋ ದಾಟಬಾರದು ಎಂಬ 2019ರ ಸರ್ಕಾರಿ ಆದೇಶವನ್ನು ಫಾರ್ವರ್ಡ್ ಮಾಡಿದವರೂ ಅದೇ ಗ್ರೂಪಿನಲ್ಲಿದ್ದಾರೆ. ಮಗು ಅರ್ಧ ಸಾಲು ಬರೆದು ಮಲಗುತ್ತದೆ. ಉಳಿದದ್ದನ್ನು ಅಮ್ಮ ಎಡಗೈಯಲ್ಲಿ ಬರೆಯುತ್ತಾಳೆ, ಮಗುವಿನ ಅಕ್ಷರದಂತೆ ಕಾಣಲಿ ಎಂದು. ಮರುದಿನ ಅದಕ್ಕೆ 'ಗುಡ್' ಬೀಳುತ್ತದೆ, 'ವೆರಿ ಗುಡ್' ಪಕ್ಕದ ಮನೆಯ ಅಮ್ಮನಿಗೆ.