ಮೇಷ್ಟ್ರ ಪಿಸ್ತೂಲು

ನಮ್ಮ ಮನೆಯಲ್ಲಿ ಮೂರು ಪಿಸ್ತೂಲುಗಳಿವೆ. ಹೆದರಬೇಡಿ, ಯಾವುದರಿಂದಲೂ ಗುಂಡು ಹಾರುವುದಿಲ್ಲ. ಒಂದು ಸಿದ್ದಗಂಗೆ ಜಾತ್ರೆಯಲ್ಲಿ 'ಹಳೇ ಇಂಗ್ಲಿಷ್ ಮಾಲು' ಅಂತ ಕೊಂಡದ್ದು. ಮನೆಗೆ ಬಂದು ಟ್ರಿಗರ್ ಎಳೆದರೆ ತುದಿಯಲ್ಲಿ ಬೆಂಕಿ ಹತ್ತಿಕೊಂಡಿತು. ಸಿಗರೇಟ್ ಲೈಟರ್. ನನ್ನ ಎಡಗಡೆಯ ಮೀಸೆ ಮತ್ತೆ ಬೆಳೆಯಲು ಒಂದೂವರೆ ತಿಂಗಳು ಹಿಡಿಯಿತು. ಎರಡನೆಯದು ದೀಪಾವಳಿಗೆ ಮಗ ಹೊಡೆದು ಬಿಸಾಕಿದ ರೋಲ್ ಕೇಪಿನದು. ಲೆಕ್ಕ ತುಂಬಲಿ ಎಂದು ಸುಮ್ನೆ ಸೇರಿಸಿಕೊಂಡಿದ್ದೇನೆ. ಮೂರನೆಯದೊಂದೇ ಅಸಲಿ.

ಈ ಹುಚ್ಚು ಹತ್ತಿದ್ದು ಪಾಠ ಮಾಡುವಾಗ. ತುಮಕೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಸಮಾಜ ಹೇಳಿಕೊಟ್ಟವನು ನಾನು. ಒಮ್ಮೆ ಅಮೆರಿಕದ ಅಧ್ಯಕ್ಷ ಲಿಂಕನ್ ಕೊಲೆಯ ಕಥೆ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸಾರ್, ಒಂದೇ ಗುಂಡಾ? ತಪ್ಪಿದ್ರೆ ಏನ್ ಮಾಡ್ತಿದ್ದ?" ನನಗೆ ಗೊತ್ತಿರಲಿಲ್ಲ. "ಮುಂದಿನ ವರ್ಷ ಬರುತ್ತೆ, ಕೂತ್ಕೋ" ಎಂದೆ. ಮೇಷ್ಟ್ರುಗಳ ಬ್ರಹ್ಮಾಸ್ತ್ರ ಅದು.

ರಾತ್ರಿ ಕೂತು ಓದಿದೆ. 1865ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಕೊಲೆಗಾರ ಬೂತ್ ಹಿಡಿದಿದ್ದ ಪಿಸ್ತೂಲು ಆರು ಇಂಚೂ ಉದ್ದ ಇರಲಿಲ್ಲ. ಅದರಲ್ಲಿ ಇದ್ದದ್ದು ಒಂದೇ ಈಡು. ಹೊಡೆದವನೇ ಅದನ್ನು ಅಲ್ಲೇ ಬಿಸಾಕಿ ಚಾಕು ತೆಗೆದ. ಇನ್ನೇನು ಮಾಡುತ್ತಾನೆ? ಮತ್ತೆ ಮದ್ದು ಸುರಿದು, ಗುಂಡು ತುರುಕಿ, ಬಡಿದರೆ ಕಿಡಿ ಹಾರಿಸುವ ಕೇಪು ಇಡುವಷ್ಟರಲ್ಲಿ ಎದುರಿಗಿದ್ದವನು ಬೈಟು ಕಾಫಿ ಕುಡಿದು ಬರಬಹುದು. ಅದಕ್ಕೇ ಜನ ಇಂಥ ಪಿಸ್ತೂಲುಗಳನ್ನು ಚಪ್ಪಲಿಯ ಹಾಗೆ ಜೋಡಿ ಜೋಡಿಯಾಗಿ ಕೊಳ್ಳುತ್ತಿದ್ದರಂತೆ.

ಅದನ್ನು ಮಾಡಿದವನು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್. ಪಿಸ್ತೂಲು ಎಷ್ಟು ಖರ್ಚಾಯಿತೆಂದರೆ ಊರೂರಲ್ಲಿ ನಕಲು ಹುಟ್ಟಿಕೊಂಡವು. ಅವನ ಹೆಸರಿನ ನಡುವೆ ಒಂದೇ 'ರ'. ಉಳಿದವರು ಇನ್ನೊಂದು 'ರ' ಸೇರಿಸಿ 'ಡೆರ್ರಿಂಜರ್' ಮಾಡಿಬಿಟ್ಟರು. ಕೊನೆಗೆ ಅಂಥ ಪಿಸ್ತೂಲಿಗೆಲ್ಲ ಅದೇ ಹೆಸರು ಗಟ್ಟಿಯಾಯಿತು. ಒತ್ತಕ್ಷರ ತಪ್ಪಿದ್ದಕ್ಕೆ ಜೀವಮಾನವಿಡೀ ಅರ್ಧ ಮಾರ್ಕು ಕಳೆದವನು ನಾನು. ಅಲ್ಲಿ ನೋಡಿದರೆ ಒತ್ತು ಸೇರಿಸಿದವರೇ ಗೆದ್ದಿದ್ದಾರೆ!

ನಿವೃತ್ತನಾದ ಮೇಲೆ ಮಂಡಿಪೇಟೆ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ನನ್ನ ಆ ಮೂರನೆಯ ಪಿಸ್ತೂಲು ಸಿಕ್ಕಿತು. ಮುರಿದ ಸ್ಟೌ ಮತ್ತು ತಕ್ಕಡಿಯ ನಡುವೆ ಮಲಗಿತ್ತು. ಅಂಗೈ ಅಗಲದ ಹಿತ್ತಾಳೆ ಮೈ, ಹೆಬ್ಬೆರಳು ಗಾತ್ರದ ಕಬ್ಬಿಣದ ನಳಿಗೆ. ಟ್ರಿಗರ್ ಕಾಣಿಸುವುದೇ ಇಲ್ಲ. ಮೇಲಿನ ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆದರೆ ಮಾತ್ರ, ಆಮೆ ಕಾಲು ಚಾಚಿದ ಹಾಗೆ, ಹೊಟ್ಟೆಯೊಳಗಿಂದ ಮೆಲ್ಲಗೆ ಇಳಿಯುತ್ತದೆ. ಆ ಒಂದು ಕಾಲಿಗೆ ನಾನು ಬಿದ್ದುಹೋದೆ.

"ಟಿಪ್ಪು ಕಾಲದ್ದು ಸಾರ್," ಎಂದ ಗುಜರಿಯವನು.

"ಟಿಪ್ಪು ಹೋಗಿದ್ದು 1799ರಲ್ಲಪ್ಪ. ಇದು ಕೇಪಿನ ಪಿಸ್ತೂಲು. ಕೇಪು ಬಂದದ್ದು ಅದಾದ ಮೇಲೆ."

ಅವನು ಒಂದು ಕ್ಷಣ ಯೋಚಿಸಿದ. "ಹಂಗಾದ್ರೆ ಅವ್ರ ಮಗಂದಿರ್ಬೇಕು ಸಾರ್."

ನಳಿಗೆಗೆ ಯಾರೋ ಸೀಸ ಕಾಯಿಸಿ ಸುರಿದಿದ್ದರು. ಕೇಪು ಕೂರುವ ಮೊಳೆ ಮುರಿದು ಆ ತೂತೂ ಮುಚ್ಚಿಹೋಗಿತ್ತು. ಹಳೇ ಕಾಲದ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ್ದು ಎಂದಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೂ ಮೇಷ್ಟ್ರ ಜೀವ ನೋಡಿ, ಪುಕ್ಕಲು. ಪೊಲೀಸರಿಗೆ ತೋರಿಸಿಯೇ ಇಟ್ಟುಕೊಳ್ಳೋಣ ಎಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡಿದ್ದು ತಪ್ಪಾಯಿತು. ಠಾಣೆಯ ಮೇಜಿನ ಮೇಲೆ ಮೊದಲು ಎರಡು ಕಟ್ಟು ಕೊತ್ತಂಬರಿ ತೆಗೆದಿಟ್ಟೆ. ಆಮೇಲೆ ಪಿಸ್ತೂಲು. ಅಲ್ಲಿದ್ದ ನಾಲ್ಕು ಜನ ಒಟ್ಟಿಗೆ ಎದ್ದು ನಿಂತರು. ನನ್ನ ತರಗತಿಯಲ್ಲೂ ಯಾರೂ ಅಷ್ಟು ಬೇಗ ಎದ್ದದ್ದಿಲ್ಲ.

ಅವರಲ್ಲೊಬ್ಬ ನನ್ನ ಹಳೇ ಶಿಷ್ಯ. "ಮೇಷ್ಟ್ರೇ, ನೀವಾ!" ಎಂದು ಕೂರಿಸಿ, ಟೀ ತರಿಸಿದ. ಪಿಸ್ತೂಲನ್ನು ತಿರುಗಿಸಿ, ಮುರುಗಿಸಿ, ನಳಿಗೆಯೊಳಗೆ ಪಿನ್ನು ಚುಚ್ಚಿ ನೋಡಿದ. "ಇದಕ್ಕಿಂತ ನಿಮ್ಮನೆ ಲಟ್ಟಣಿಗೆ ಜಾಸ್ತಿ ಅಪಾಯ ಸಾರ್," ಎಂದು ತೀರ್ಪು ಕೊಟ್ಟು, ನನ್ನ ಅರ್ಜಿ ತೆಗೆದುಕೊಂಡು ಪುಸ್ತಕದಲ್ಲಿ ಬರೆದುಕೊಂಡ. ಬಗ್ಗಿ ನೋಡಿದೆ. 'ಹಳೆಯ ಪಿಸ್ತುಲು' ಅಂತಿತ್ತು.

ಸುಮ್ಮನಿರಬೇಕಿತ್ತು, ಅಲ್ವಾ? ಜೇಬಿನಲ್ಲಿ ಕೆಂಪು ಪೆನ್ನಿತ್ತು. ಕೈ ತಾನಾಗಿಯೇ ಹೋಗಿ 'ಸ್ತು'ವಿಗೆ ದೀರ್ಘ ಎಳೆಯಿತು. ಸರ್ಕಾರಿ ದಾಖಲೆ ತಿದ್ದಿದ್ದಕ್ಕೆ ಸಾಹೇಬರಿಂದ ಬೈಸಿಕೊಂಡದ್ದು, ಆ ಹುಡುಗ "ಸಾರ್, ಅಭ್ಯಾಸ ಬಲ, ಬಿಟ್ಬಿಡಿ" ಎಂದು ನನ್ನ ಪರ ಬೇಡಿಕೊಂಡದ್ದು ಬೇಡ ಬಿಡಿ. ಪಿಸ್ತೂಲಿಗೆ ಇಲ್ಲದ ತೊಂದರೆ ದೀರ್ಘಕ್ಕೆ ಬಂತು.

ಆಮೇಲೆ ನಳಿಗೆ. ಈ ಮಾದರಿಯಲ್ಲಿ ನಳಿಗೆಯನ್ನೇ ನಲ್ಲಿಯ ಹಾಗೆ ತಿರುಗಿಸಿ ಬಿಚ್ಚಿ, ಬುಡದಲ್ಲಿ ಮದ್ದು ಗುಂಡು ಇಟ್ಟು, ಮತ್ತೆ ತಿರುಗಿಸಿ ಕೂರಿಸುತ್ತಿದ್ದರು. ನಮ್ಮದು ತುಕ್ಕು ಹಿಡಿದು ಅಲುಗಲಿಲ್ಲ. ಪ್ಲಂಬರನ್ನು ಕರೆಸಿದೆ. ಅವನು ಪೈಪ್ ರೆಂಚ್ ಹಾಕಿ, ಕಾಲು ಕೊಟ್ಟು ಎಳೆದ. ನಳಿಗೆ ಅಲ್ಲಾಡಲಿಲ್ಲ, ಮೇಜಿನ ಕಾಲು ಮುರಿಯಿತು. "ನಲ್ಲಿ ಆಗಿದ್ರೆ ಬದಲಾಯಿಸಿಬಿಡಿ ಅಂತಿದ್ದೆ," ಎಂದು ಇನ್ನೂರು ರೂಪಾಯಿ ತೆಗೆದುಕೊಂಡು ಹೋದ.

ಕೊನೆಗೆ ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ಫೋಟೋ ಕಳಿಸಿದೆ. ದಸರಾ ರಜೆಗೆ ಬಂದು ನೋಡುತ್ತೇನೆ ಎಂದರು. ಒಂದೇ ಮಾತು ಹತ್ತು ಸಲ ಹೇಳಿದರು: "ತೊಳೀಬೇಡಿ. ಆ ಕಂದು ಬಣ್ಣ, ಆ ಕಿಲುಬು, ಅದರಲ್ಲೇ ಬೆಲೆ ಇರೋದು." ಅದನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವಳಿಗೆ ಹೇಳಲು ಮರೆತೆ.

ಆಯುಧ ಪೂಜೆಯ ಬೆಳಿಗ್ಗೆ ದೇವರ ಮುಂದೆ ನೋಡುತ್ತೇನೆ, ಈಳಿಗೆಮಣೆ, ಮಿಕ್ಸಿ, ಸ್ಕೂಟರ್ ಕೀ ನಡುವೆ ಏನೋ ಫಳಫಳ ಹೊಳೆಯುತ್ತಿದೆ. ನಮ್ಮ ತುಮಕೂರಿನಲ್ಲಿ ಹುಣಸೆಹಣ್ಣಿಗೇನು ಬರವೇ? ರಾತ್ರಿಯೆಲ್ಲ ಹುಳಿಯಲ್ಲಿ ನೆನೆಸಿ, ಬೆಳಿಗ್ಗೆ ಬೂದಿ ಹಾಕಿ ತಿಕ್ಕಿದ್ದಳು. ನಳಿಗೆ ಬಾಯಿಗೆ ಕುಂಕುಮ, ಮೇಲೊಂದು ಸೇವಂತಿಗೆ.

"ಎಷ್ಟು ಕೊಳೆ ಇತ್ತು ರೀ ಅದ್ರಲ್ಲಿ! ಈಗ ನೋಡಿ, ಕಳಶದ ಚೊಂಬಿನ ಥರ ಇದೆ."

ಮಧ್ಯಾಹ್ನ ಸಂಗ್ರಾಹಕರು ಬಂದರು. ಕೈಗೆ ತೆಗೆದುಕೊಂಡವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಾವಿನ ಮನೆಗೆ ಬಂದವರು ಹಾಗೆ ಕೂರುತ್ತಾರೆ. ಆಮೇಲೆ ಭೂತಗನ್ನಡಿ ಹಿಡಿದು ನಳಿಗೆಯ ಬುಡ ನೋಡಿದರು. ತಿಕ್ಕಿದ ಜಾಗದಲ್ಲಿ ಮೊಟ್ಟೆಯಾಕಾರದ ಪುಟ್ಟ ಮುದ್ರೆ, ಒಳಗೆ ಇ.ಎಲ್.ಜಿ. ಎಂಬ ಮೂರಕ್ಷರ. ಬೆಲ್ಜಿಯಂನ ಲೀಯೆಜ್ ಊರಿನಲ್ಲಿ ಬಂದೂಕು ಪರೀಕ್ಷೆ ಮಾಡಿ ಒತ್ತುತ್ತಿದ್ದ ಗುರುತಂತೆ. ಟಿಪ್ಪುವೂ ಅಲ್ಲ, ಮಗನೂ ಅಲ್ಲ.

"ನಾನು ತೊಳೆದಿದ್ದಕ್ಕೇ ಅಲ್ವಾ ಅದು ಕಾಣಿಸಿದ್ದು?" ಎಂದಳು ನನ್ನಾಕೆ, ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಾ. ಅವರು ಹೋಳಿಗೆ ಮುರಿಯುತ್ತಾ ಹೂಂ ಎಂದರು. ಪಿಸ್ತೂಲಿಗೆ ಬೆಲೆ ಎಷ್ಟಾದೀತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಗುಜರಿಯವನು ಫೋನ್ ಮಾಡಿದ್ದ. "ಸಾರ್, ಅದೇ ಥರದ್ದು ಇನ್ನೊಂದು ಸಿಕ್ಕಿದೆ. ಜೋಡಿ ಇರ್ಬೇಕು. ಎತ್ತಿಡ್ಲಾ?" ಸ್ಪೀಕರ್ ಆನ್ ಆಗಿದ್ದದ್ದು ನನಗೆ ಗೊತ್ತಾಗಲಿಲ್ಲ. ಅಡುಗೆಮನೆಯಿಂದ ಉತ್ತರ ಬಂತು:

"ಹೋಗಿ ತಗೊಂಡ್ ಬನ್ನಿ. ಹುಣಸೆಹಣ್ಣು ನೆನೆಹಾಕಿರ್ತೀನಿ."