ನಜರೇತಿನವನು ಎಂಬ ವಿಳಾಸ

ಹಳೇ ಒಡಂಬಡಿಕೆಯನ್ನು ಎಷ್ಟು ತಿರುವಿ ಹಾಕಿದರೂ ಯೇಸು ಬೆಳೆದ ಊರಾದ ನಜರೇತಿನ ಹೆಸರು ಸಿಗುವುದಿಲ್ಲ. ನಜರೇತ್ ಇದ್ದ ಗಲಿಲಾಯ ಸೀಮೆಯಲ್ಲೇ ಸೇನೆ ನಡೆಸಿ, ಅಲ್ಲಿನ ಹತ್ತಾರು ಊರುಗಳ ಹೆಸರು ಬರೆದಿಟ್ಟ ಇತಿಹಾಸಕಾರ ಜೋಸೆಫಸ್ ಕೂಡ ಈ ಊರಿನ ಸುದ್ದಿ ಎತ್ತಿಲ್ಲ. ಕೆಲವು ನೂರು ಜನರಿದ್ದ ಹಳ್ಳಿ ಅನ್ನುವುದು ಪುರಾತತ್ವಜ್ಞರ ಅಂದಾಜು. ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೆಫೋರಿಸ್ ನಗರವಿತ್ತು, ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪ ಮತ್ತೆ ಕಟ್ಟಿಸಿ ಮೆರೆಸಿದ್ದು. ಸುವಾರ್ತೆಗಳಲ್ಲಿ ಆ ನಗರದ ಹೆಸರು ಒಂದು ಸಲವೂ ಬರುವುದಿಲ್ಲ. ಹಳ್ಳಿಯ ಹೆಸರು ಮಾತ್ರ ಶಿಲುಬೆಯ ಮೇಲಿನ ‘ನಜರೇತಿನ ಯೇಸು’ ಎಂಬ ಫಲಕದವರೆಗೂ ಹೋಗುತ್ತದೆ (ಯೋಹಾನ 19:19).

ಫಲಕ ಬರೆಸಿದವನು ಮರಣದಂಡನೆ ಕೊಟ್ಟ ರೋಮನ್ ಅಧಿಪತಿ ಪಿಲಾತ, ಅದರಲ್ಲೇನು ಗೌರವ ಅಂತ ಕೇಳಬಹುದು. ಸರಿ, ಹಾಗಾದರೆ ಅಪೊಸ್ತಲರ ಕೃತ್ಯಗಳು 22:8 ತೆಗೆಯಿರಿ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಬಿದ್ದ ಸೌಲ, ಮುಂದೆ ಪೌಲನಾದವನು, ‘ನೀನು ಯಾರು’ ಎಂದು ಕೇಳುತ್ತಾನೆ. ಪುನರುತ್ಥಾನವಾಗಿದೆ, ಪರಲೋಕಕ್ಕೆ ಏರಿಹೋದದ್ದೂ ಆಗಿದೆ. ಆದರೂ ಉತ್ತರ ಬರುವುದು ನಜರೇತಿನ ಯೇಸು ಎಂದೇ. ಅಲ್ಲಿಂದ ಒಳ್ಳೆಯದೇನಾದರೂ ಬರಬಹುದೇ ಎಂದು ನತಾನಯೇಲ ಮೂಗು ಮುರಿದಿದ್ದ ಅದೇ ಊರು!

ಈಗ ಸಭೆಯಲ್ಲಿ ನಾವು ಎದ್ದು ಹೇಳುವ ಸಾಕ್ಷಿಗಳನ್ನು ಕೇಳಿ. ಹಳ್ಳಿಯಲ್ಲಿ ಹುಟ್ಟಿದೆ, ಏನೂ ಇರಲಿಲ್ಲ, ಕರ್ತನು ನಗರಕ್ಕೆ ಕರೆತಂದ, ಮನೆ ಕೊಟ್ಟ, ಕಾರು ಕೊಟ್ಟ. ಕೃತಜ್ಞತೆ ತಪ್ಪಲ್ಲ. ಆದರೆ ಹೀಗೆ ಜೋಡಿಸಿದಾಗ ಹಳ್ಳಿ ದಾಸತ್ವದ ಐಗುಪ್ತವಾಗುತ್ತದೆ, ನಗರ ವಾಗ್ದಾನದ ಕಾನಾನ್ ಆಗುತ್ತದೆ. ಊರಲ್ಲೇ ಉಳಿದು ದುಡಿಯುತ್ತಿರುವ ವಿಶ್ವಾಸಿ ಅದನ್ನು ಕೇಳಿಸಿಕೊಂಡು ತನಗೆ ಆಶೀರ್ವಾದ ತಪ್ಪಿತು ಅಂದುಕೊಳ್ಳಬೇಕೇ? ಹೆರಿಗೆಯ ನಂತರದ ಶುದ್ಧೀಕರಣಕ್ಕೆ ಕುರಿಮರಿ ಕೊಡಲು ಶಕ್ತಿಯಿಲ್ಲದವರಿಗೆ ಯಾಜಕಕಾಂಡ 12:8 ಎರಡು ಹಕ್ಕಿಗಳ ರಿಯಾಯಿತಿ ಇಟ್ಟಿತ್ತು. ಯೇಸುವಿನ ತಾಯಿ ಮರಿಯಳ ಮನೆಯವರು ಅರ್ಪಿಸಿದ್ದು ಅದನ್ನೇ (ಲೂಕ 2:24). ಆಶೀರ್ವಾದ ತಪ್ಪಿದ ಮನೆ ಅಂತ ಅದನ್ನು ಯಾರೂ ಕರೆಯಲಾರರು.

ಹಾಗಂತ ಹಳ್ಳಿಯನ್ನು ದೇವಲೋಕ ಮಾಡುವವರನ್ನೂ ನಾನು ಒಪ್ಪುವುದಿಲ್ಲ. ಯೇಸುವನ್ನು ಗುಡ್ಡದ ಅಂಚಿಗೆ ಎಳೆದೊಯ್ದು ತಳ್ಳಲು ನೋಡಿದವರು ಹೊರಗಿನವರಲ್ಲ, ಅದೇ ಊರಿನವರು (ಲೂಕ 4:29). ಆತನು ನಜರೇತ್ ಬಿಟ್ಟು ಕಪೆರ್ನೌಮಿನಲ್ಲಿ ನೆಲೆಸಿದ್ದೂ ನಿಜ (ಮತ್ತಾಯ 4:13). ಊರು ಬಿಡುವುದು ದ್ರೋಹವಲ್ಲ. ಅಲ್ಲಿಂದ ಏನನ್ನು ಹೊತ್ತು ತಂದೆವು ಅನ್ನುವುದನ್ನು ನೋಡಬೇಕು.

ಆತನು ತಂದದ್ದಂತೂ ಆತನ ಸಾಮತಿಗಳ, ಅಂದರೆ ಬೋಧನೆಗೆ ಹೇಳಿದ ಪುಟ್ಟ ಕಥೆಗಳ ತುಂಬ ಇದೆ. ಬಿತ್ತಿದ ಬೀಜದಲ್ಲಿ ಯಾವುದು ದಾರಿಗೆ ಬೀಳುತ್ತದೆ, ತೆಳು ಮಣ್ಣಿನದು ಬೇಗ ಮೊಳೆತು ಬೇಗ ಬಾಡುವುದೇಕೆ, ಮುಳ್ಳು ಹೇಗೆ ಪೈರನ್ನು ಅಡಗಿಸುತ್ತದೆ, ಹಳೇ ಬಟ್ಟೆಗೆ ಹೊಸ ತೇಪೆ ಹಾಕಿದರೆ ಹರಕು ಹೇಗೆ ಹೆಚ್ಚುತ್ತದೆ, ಎಲ್ಲವೂ ಗೊತ್ತು. ಹುಳಿಹಿಟ್ಟಿನ ಸಾಮತಿಯಲ್ಲಿ ಹೆಂಗಸೊಬ್ಬಳು ಹುಳಿ ಕಲಸಿದ ಆ ಮೂರು ಸೇರು ನಮ್ಮ ಸೇರಲ್ಲ, ಒಟ್ಟು 20 ಕಿಲೋಗೂ ಮೀರಿದ ಹಿಟ್ಟು. ಅಷ್ಟನ್ನು ನಾದುವ ಹೆಂಗಸಿನ ತೋಳಿನ ಕಷ್ಟ ಅರಮನೆಯಲ್ಲಿ ಬೆಳೆದವನಿಗೆ ಹೊಳೆಯುವ ಮಾತಲ್ಲ. ದೇವರ ರಾಜ್ಯವನ್ನು ವಿವರಿಸಲು ಈ ತಿಳಿವಳಿಕೆ ಸಾಕಾಯಿತು. ನಮ್ಮ ಪ್ರಸಂಗಗಳಿಗೆ ಮಾತ್ರ ಕಂಪನಿ ಮಾಲೀಕರ ಉದಾಹರಣೆಯೇ ಬೇಕು.

ಸಭೆಗಳಲ್ಲಿ ಇದು ಕೆಡುವುದು ಸಣ್ಣ ಜಾಗಗಳಲ್ಲಿ. ಊರಿನಿಂದ ಬಂದವರಿಗೆ ಕುರ್ಚಿ ಜೋಡಿಸುವ ಕೆಲಸ, ಭಾಷೆ ನಯವಾದವರಿಗೆ ಮೈಕು. ಯೇಸು ಬಂಧನವಾದ ರಾತ್ರಿ ಶಿಷ್ಯ ಪೇತ್ರನನ್ನು ಹಿಡಿದುಕೊಟ್ಟದ್ದೂ ಅವನ ಗಲಿಲಾಯದ ಮಾತೇ (ಮತ್ತಾಯ 26:73). ಪವಿತ್ರಾತ್ಮನು ಇಳಿದ ಪಂಚಾಶತ್ತಮದ ದಿನ ಜನರೆದುರು ಎದ್ದು ನಿಂತು ಮಾತಾಡಿದವನೂ ಅವನೇ.

ಆರಾಧನೆಯಲ್ಲಿ ಬೈಬಲ್ ಓದುವವರ ಸರದಿ ಪಟ್ಟಿಯಿಂದ ಶುರು ಮಾಡಬಹುದು. ಹಳ್ಳಿಯ ಮಾತಿನವರ ಹೆಸರನ್ನೂ ಸೇರಿಸಿ. ಒಂದು ವಾರ ಮುಂಚೆಯೇ ಭಾಗವನ್ನು ಕೊಡಿ, ಮೊದಲ ಸಲ 10–12 ವಚನ ಸಾಕು. ಮನೆಯಲ್ಲಿ ಎರಡು ಮೂರು ಬಾರಿ ಜೋರಾಗಿ ಓದಿಕೊಂಡು ಬರಲಿ. ವಂಶಾವಳಿಯನ್ನೋ ಅಪೊಸ್ತಲರ ಪತ್ರಗಳ ಉದ್ದುದ್ದ ವಾಕ್ಯಗಳನ್ನೋ ಮೊದಲಿಗೇ ಕೊಟ್ಟರೆ ತಡವರಿಸುತ್ತಾರೆ, ಮತ್ತೆ ಮುಂದೆ ಬರುವುದಿಲ್ಲ. ಸಾಮತಿ ಕೊಡಿ. ತಿದ್ದುವುದಿದ್ದರೆ ಕಷ್ಟದ ಹೆಸರುಗಳನ್ನು ಮಾತ್ರ, ಅದೂ ಆರಾಧನೆಗೆ ಮುಂಚೆ, ಪಕ್ಕಕ್ಕೆ ಕರೆದು. ಅವರ ಊರಿನ ಧಾಟಿಯನ್ನು ಮುಟ್ಟಬೇಡಿ.